ತೊಳೆದ ಕಲ್ಲುಪುಡಿ

ಚಳ್ಳಕೆರೆ
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಮಗ ಮುಬಾರಕ್,

ಹೇಗಿದ್ದೀಯಪ್ಪ? ರಜೆಗೆ ಬಂದಾಗ ಇದ್ದ ಕೆಮ್ಮು ಹೋಯಿತೇ? ನಡುಸಮುದ್ರದಲ್ಲಿ ಕಬ್ಬಿಣದ ಅಟ್ಟದ ಮೇಲೆ ನಿಂತವನಿಗೆ ಕಷಾಯ ಯಾರು ಕೊಡುತ್ತಾರೆಂದು ನಿನ್ನ ಅಮ್ಮಿಗೆ ಚಿಂತೆ. ಫೋನಿನಲ್ಲಿ ನಿನಗೆ ಸಿಗುವ ಐದು ನಿಮಿಷ ಅವಳಿಗೇ ಸಾಲದು. ನನ್ನ ಪಾಲಿಗೆ ಉಳಿದದ್ದು ಈ ಕಾಗದ.

ಮೂವತ್ತು ವರ್ಷ ಬೋರ್ ಲಾರಿಯಲ್ಲಿ ದುಡಿದವನು ನಾನು. ನಾನು ನೀರಿಗೆ ಕೊರೆದೆ, ನೀವು ಎಣ್ಣೆಗೆ ಕೊರೆಯುತ್ತೀರಿ, ತೂತು ತೂತೇ. ಆದರೆ ಮೇಲೆ ಬಂದ ಕಲ್ಲುಪುಡಿ, ರಾಡಿ ಎಲ್ಲ ಎಲ್ಲಿಗೆ ಹೋಗುತ್ತದೆಂಬುದು ನನಗಿನ್ನೂ ಬಗೆಹರಿದಿಲ್ಲ. ಜರಡಿ ಹಿಡಿದು ತೊಳೆದ ಮೇಲೆ, ಎಣ್ಣೆ ಹೋಗಿದೆಯೆಂದು ನೀನು ಸಹಿ ಹಾಕಿದರೆ ಸಮುದ್ರಕ್ಕೆ, ಇಲ್ಲದಿದ್ದರೆ ಪೆಟ್ಟಿಗೆಗೆ ತುಂಬಿ ಹಡಗಿನಲ್ಲಿ ದಡಕ್ಕೆ ಎಂದು ನೀನು ರಜೆಯಲ್ಲಿ ಹೇಳಿದ್ದೆ. ಆ ಜರಡಿ ಎಷ್ಟು ದೊಡ್ಡದು? ತೊಳೆದ ನೀರನ್ನು ಮತ್ತೆಲ್ಲಿ ಚೆಲ್ಲುತ್ತೀರಿ? ಮೀನು ಆ ಪುಡಿಯ ಹತ್ತಿರ ಬರುತ್ತದೆಯೇ? ಮುದುಕನಿಗೆ ಅರಳುಮರಳು ಎಂದು ನಗಬೇಡ, ಬರೆದು ತಿಳಿಸು.

ನಾವು ಇಷ್ಟೆಲ್ಲ ಎಲ್ಲಿ ಕಂಡಿದ್ದೆವು? ಪರಶುರಾಂಪುರದ ಹತ್ತಿರ ಪೆದ್ದಣ್ಣನ ಹೊಲದಲ್ಲಿ ಕೊರೆದಾಗ ರಾಡಿ ಇಳಿಜಾರು ಹಿಡಿದು ಪಕ್ಕದ ಬೋರಕ್ಕನ ಶೇಂಗಾ ಹೊಲಕ್ಕೆ ನುಗ್ಗಿತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, “ಇದು ಒಣಗಿ ಬಿಗಿದ್ರೆ ಕಾಯಿ ಎಲ್ಲಿ ಇಳೀಬೇಕು ಪಾಷಣ್ಣ? ನೀನು ಲಾರಿ ಹತ್ತಿ ಹೋಗ್ತೀಯಾ, ನಾನು ಇಲ್ಲೇ ಇರಬೇಕೈತೆ” ಎಂದಳು. ನನಗೆ ತುಂಬಾ ನಾಚಿಕೆಯಾಯಿತು. ಅಂದಿನಿಂದ ರಾಡಿಗೆ ಗುಂಡಿ ತೋಡಿಸದೆ ಯಂತ್ರ ಶುರು ಮಾಡಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಂಗಿ ಶಾಯಿಸ್ತಾ ಸಲಾಂ ಹೇಳಿದ್ದಾಳೆ. ಗಾಳಿ ಅಲೆಗಳಿಂದ ಅಲ್ಲಾಹ್ ನಿನ್ನನ್ನು ಕಾಪಾಡಲಿ.

ನಿನ್ನ ಅಬ್ಬಾ,
ಚಾಂದ್ ಪಾಷ

ಇನ್ನೊಂದು ಮಾತು. ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ತೊಳೆದದ್ದು ಹೀಗಿರುತ್ತದೆಂದು ನೀನು ತೋರಿಸಲು ತಂದ ಕಲ್ಲುಪುಡಿಯ ಪೊಟ್ಟಣವನ್ನು ನಿನ್ನೆ ಬಿಚ್ಚಿದೆ. ಪುಡಿ ಕಂಡರೆ ಬೆರಳಲ್ಲಿ ತಿಕ್ಕಿ ನಾಲಿಗೆಗೆ ಹಚ್ಚಿ ನೋಡುವುದು ನನ್ನ ಹಳೇ ಚಾಳಿ; ಹಾಗೇ ಮಾಡಿಬಿಟ್ಟೆ. ಅಮ್ಮಿ ಬೈದಳು. ಉಪ್ಪಿರುತ್ತದೆ ಅಂದುಕೊಂಡಿದ್ದೆ, ಇದ್ದದ್ದು ಎಣ್ಣೆ. ಮೂರು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ಈ ಪುಡಿ ತೆಗೆದ ರಾಶಿಗೆ ಸಹಿ ಹಾಕಿದ್ದೇನೆಂದು ನೀನೇ ಹೇಳಿದ್ದೆ. ಯಾರೋ ಬರೆದುಕೊಟ್ಟ ಪರೀಕ್ಷೆಯ ಚೀಟಿ ನೋಡಿ ಹಾಕಿದೆಯೋ, ಪುಡಿ ಮುಟ್ಟಿ ಹಾಕಿದೆಯೋ? ಮುಂದಿನ ರಾಶಿಯನ್ನು ನಿನ್ನ ಕೈಯಾರೆ ತಿಕ್ಕಿ ನೋಡು. ಜಿಡ್ಡು ಹತ್ತಿದರೆ, ಯಾರು ಎಷ್ಟೇ ಅವಸರ ಮಾಡಲಿ, ಸಹಿ ಹಾಕಬೇಡ. ಅಲ್ಲಿ ಬಂದು ಕೇಳಲು ಬೋರಕ್ಕ ಇಲ್ಲ ಮಗನೇ, ನೀನೊಬ್ಬನೇ ಇರುವುದು.