ಆಯಿ ಬೇಡಿದ ಸವತಿಕಾಯಿ

ಹತ್ತರಗಿ,
ಆಷಾಢ ವದ್ಯ ದಶಮಿ, ಸನ್ ೧೯೩೬

ಹಡೆದವ್ವಗೆ ನಿನ್ನ ಕಾಶೆವ್ವನ ಶರಣು.

ಪಂಚಮಿಗೆ ನನ್ನನ್ನು ಕರೆತರಲು ನೀನು ಕಳಿಸಿದ ಲಗಮಪ್ಪ ಮಾವ ಹೊರಗೆ ಎತ್ತುಗಳಿಗೆ ನೀರು ಕುಡಿಸುತ್ತಿದ್ದಾನೆ. ಅವನ ಬಂಡಿಯಲ್ಲಿ ಈ ಕಾಗದ ಬರುತ್ತದೆ, ನಾನು ಬರುವುದಿಲ್ಲ. ಗಂಡನ ಮನೆಯವರು ಕಳಿಸಲಿಲ್ಲವೆಂದು ಓಣಿಯವರ ಮುಂದೆ ಹೇಳಬೇಡ. ಹೋಗಿ ಬಾ ಎಂದೇ ಅವರು ಹೇಳಿದರು.

ಹೋದ ವರ್ಷ ಅಕ್ಕವ್ವ ಆಯಿ ತೀರಿಕೊಂಡಾಗ, ವಯಸ್ಸಾಗಿತ್ತು ಎಂದಷ್ಟೇ ನಿನಗೆ ತಿಳಿಸಿದ್ದೆ. ನಡೆದದ್ದು ಬೇರೆ.

ಆಯಿ ಎಂದರೆ ನಮ್ಮ ಸಾವಂತ್ರೆವ್ವ ಅತ್ತೆಗೆ ಅತ್ತೆ. ಆ ಬೇಸಿಗೆಯಲ್ಲಿ ರಕ್ತಭೇದಿಯಾಗಿ ಹಾಸಿಗೆ ಹಿಡಿದಿದ್ದಳು. ಗೋಕಾಕದ ಡಾಕ್ಟರರು ಹೇಗೋ ಉಳಿಸಿದರು. ಬಂಡಿ ಹತ್ತಿಸುವಾಗ ನನ್ನನ್ನು ಕರೆದು, ಮುದುಕಿಯ ಕರುಳು ಇನ್ನೂ ಹುಣ್ಣಾಗಿದೆ, ಇನ್ನೊಮ್ಮೆ ಭೇದಿಯಾದರೆ ತಡೆಯಲಾರಳು, ಹಸಿಯದೇನೂ ಕೊಡಬೇಡ ಎಂದರು. ಕಾಯಿಪಲ್ಲೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಬೇಯಿಸಬೇಕು. ಬಾಳೆಹಣ್ಣಾದರೆ ಕೈ ತೊಳೆದುಕೊಂಡು, ಸುಲಿದು, ಆಗಲೇ ತಿನ್ನಿಸಬೇಕು. ಹೆಚ್ಚಿಟ್ಟದ್ದು ಉಳಿದರೆ ದನಕ್ಕೆ ಹಾಕಬೇಕು.

ಹಾಗೆಯೇ ಮಾಡಿದೆ. ಇಲ್ಲಿ ಮೆಂತ್ಯೆ, ಮೂಲಂಗಿ, ಸವತಿಕಾಯಿ ಎಲ್ಲವನ್ನೂ ಹಳ್ಳದಲ್ಲಿ ತೊಳೆದು ಸಂತೆಗೆ ತರುತ್ತಾರೆ. ಎಮ್ಮೆಗಳ ಮೈ ತೊಳೆಯುವುದೂ ಅಲ್ಲೇ. ಆದರೆ ಜನ್ಮವಿಡೀ ರೊಟ್ಟಿಯ ಜೊತೆ ಹಸಿ ಸೊಪ್ಪು, ಉಳ್ಳಾಗಡ್ಡಿ ಕಡಿದು ತಿಂದ ಬಾಯಿ ಆಯಿಯದು. ನಾನು ಬೇಯಿಸಿದ್ದಕ್ಕೆ ಮುಖ ತಿರುಗಿಸುತ್ತಿದ್ದಳು. ಒಂದು ಹೋಳು ಸವತಿಕಾಯಿಗಾಗಿ ಕೂಸಿನ ಹಾಗೆ ಅಳುತ್ತಿದ್ದಳು. ಸೊಸೆ ಕಟ್ಟಿಗೆ ಸುಡುತ್ತಾಳೆ, ಮುದುಕಿಯ ಬಾಯಿ ಕಟ್ಟುತ್ತಾಳೆ ಎಂದು ಅತ್ತೆ ನೆರೆಯವರಿಗೆ ಹೇಳುತ್ತಿದ್ದರು. ಅವರಿಗೆ ಆಯಿಯೆಂದರೆ ಜೀವ. ಆ ಅಳು ಕೇಳಲು ಅವರಿಂದ ಆಗುತ್ತಿರಲಿಲ್ಲ.

ಪಂಚಮಿ ಬಂತು. ಅತ್ತೆಗೆ ಎಲ್ಲವನ್ನೂ ಒತ್ತಿ ಹೇಳಿ ಕೊಣ್ಣೂರಿಗೆ ಬಂದೆ. ನಿನ್ನ ಕೈಯ ಉಂಡಿ ತಿಂದೆ, ಗೆಳತಿಯರ ಜೊತೆ ಜೋಕಾಲಿ ಆಡಿದೆ.

ತಿರುಗಿ ಬಂದು ಪಡಸಾಲೆಯಲ್ಲಿ ಕಾಲಿಟ್ಟರೆ ಭೇದಿಯ ಅದೇ ಹಳೆಯ ವಾಸನೆ. ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಕೈ ಚಾಚಿದಳಂತೆ. ಅತ್ತೆ ತಮ್ಮ ತಾಟಿನ ಸವತಿಕಾಯಿಯನ್ನೇ ಎತ್ತಿ ಕೊಟ್ಟರಂತೆ.

ನಾನು ಕೇಳಿದಾಗ ಅತ್ತೆ ಅಂದರು: "ನಾವೆಲ್ಲಾರೂ ಅದನ್ನ ತಿಂದೇವಿ. ನಮಗೇನರ ಆತೇನ?"

ನಮ್ಮ ಹೊಟ್ಟೆ ಬೇರೆ, ಆಯಿಯ ಹೊಟ್ಟೆ ಬೇರೆ ಎನ್ನಬೇಕೆಂದುಕೊಂಡೆ. ಅತ್ತೆಯ ಮುಖ ನೋಡಿ, ಗಂಜಿಗೆ ನೀರಿಡಲು ಒಳಗೆ ಹೋದೆ. ಗೋಕಾಕಕ್ಕೆ ಒಯ್ಯಲು ನಮ್ಮ ಮನೆಯವರು ಬಂಡಿ ಹೂಡಿದರು. ಹಳ್ಳ ತುಂಬಿ ಹರಿಯುತ್ತಿತ್ತು. ದಂಡೆಯಿಂದಲೇ ಆಯಿಯನ್ನು ತಿರುಗಿ ಕರೆತಂದರು. ಗಂಜಿಯ ತಿಳಿ ಹನಿಹನಿಯಾಗಿ ಹಾಕುತ್ತಿದ್ದೆ. ಒಮ್ಮೆ ಕಣ್ಣು ತೆರೆದು ನನ್ನ ಕೈ ಹಿಡಿದಳು.

"ಸವತಿಕಾಯಿ ಭಾಳ ಚಲೋ ಇತ್ತವಾ. ಸಾವಂತ್ರಿ ಪ್ರೀತಿಲೆ ಕೊಟ್ಟಾಳ. ಅಕಿಗೆ ಏನೂ ಅನಬ್ಯಾಡ."

ಮರುದಿನ ಹೋದಳು.

ಬೇಯಿಸಿದ್ದನ್ನೇ ತಿನ್ನಿಸಿ ಮೊಮ್ಮಗನ ಹೆಂಡತಿ ಮುದುಕಿಯ ಕಸುವು ಕಳೆದಳು ಎಂದು ಊರೆಲ್ಲ ಮಾತಾಯಿತು. ಅತ್ತೆ ಆ ಮಾತನ್ನು ತಡೆಯಲಿಲ್ಲ. ನಾನೂ ಸುಮ್ಮನಿದ್ದೆ.

ಈಗ ಮಳೆ ಹಿಡಿದಾಗಿನಿಂದ ಅತ್ತೆಗೂ ಅದೇ ಬೇನೆ. ಎದ್ದು ಕೂಡುವ ತ್ರಾಣವಿಲ್ಲ. ನೋಡಲು ಬಂದವರು ಪೇರಲಹಣ್ಣು, ಗಜ್ಜರಿ ತಂದು ಹಾಸಿಗೆಯ ಹತ್ತಿರವೇ ಇಡುತ್ತಾರೆ. ಅವನ್ನು ಎತ್ತಿ ಒಳಗೆ ಒಯ್ಯಲು ನಾನು ಇರಬೇಕು. ಇವರು ಒಳ್ಳೆಯವರು, ಆದರೆ ತಾಯಿ ಅತ್ತರೆ ಕೊಟ್ಟುಬಿಡುತ್ತಾರೆ. ಅದಕ್ಕೇ ಬರುವುದಿಲ್ಲ. ಜೋಕಾಲಿ ಕಟ್ಟಿದರೆ ತಂಗಿಯರು ಆಡಲಿ. ನನಗೆ ಇನ್ನು ಅದರ ಮೇಲೆ ಮನಸ್ಸಾಗದು.

ನಿನ್ನ ಮಗಳು,
ಕಾಶೆವ್ವ

ತಾ.ಕ.: ಇದನ್ನು ನೀನೊಬ್ಬಳೇ ಓದಿಕೊ. ಇಂದು ಮುಂಜಾನೆ ಮುಖ ತೊಳೆಸುವಾಗ ಅತ್ತೆ ನನ್ನ ಸೆರಗು ಹಿಡಿದು ಕೇಳಿದರು: "ಖರೆ ಹೇಳ. ನಮ್ಮತ್ತಿ ನನ್ನ ಕೈಯಿಂದನ ಸತ್ತಳೇನ?" ಇಲ್ಲರೀ ಎಂದೆ. ನನ್ನ ಪಥ್ಯದಿಂದಲೇ ಕಸುವು ಹೋಯಿತು, ಊರವರು ಅನ್ನುವುದೇ ಖರೆ ಎಂದೆ. ನನ್ನ ಮುಖ ನೋಡಿ ಸೆರಗು ಬಿಟ್ಟರು. ಆಮೇಲೆ ನಾನು ಬೇಯಿಸಿ ತಂದಿದ್ದಕ್ಕೆ ಮುಖ ತಿರುಗಿಸದೆ ಬಾಯಿ ತೆರೆದರು. ನೀನು ನೋಡಲು ಬಂದಾಗ ನಿನ್ನನ್ನೂ ಕೇಳಬಹುದು. ನೀನೂ ಹಾಗೆಯೇ ಹೇಳು, ಅವ್ವಾ.