ಎಡಗಿವಿಗೆ ಹೇಳಿದ ಮಾತು

ಹಾಸ್ಟೆಲ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಪ್ಪನಿಗೆ,

ಹೀಗೆ ಇದ್ದಕ್ಕಿದ್ದಂತೆ ಕಾಗದ ಬರೆಯುತ್ತಿರುವುದಕ್ಕೆ ಮೊದಲಿಗೇ ಕ್ಷಮಿಸಿ. ಫೋನ್ ಕೈಯಲ್ಲೇ ಇರುವ ಕಾಲದಲ್ಲಿ ಮಗಳ ಕಾಗದ ಬಂದರೆ ಯಾರ ಎದೆಯಾದರೂ ಧಸಕ್ ಅನ್ನುತ್ತದೆ. ಗಾಬರಿಯಾಗಬೇಡಿ, ಜ್ವರ ಗಿರ ಏನಿಲ್ಲ. ಕನ್ನಡದಲ್ಲಿ ಇಷ್ಟುದ್ದ ಬರೆದು ಅಭ್ಯಾಸ ತಪ್ಪಿದೆ. ಒತ್ತಕ್ಷರ ಎಲ್ಲೆಲ್ಲಿ ಬಿದ್ದಿದೆಯೋ, ಹೊಟ್ಟೆಗೆ ಹಾಕಿಕೊಳ್ಳಿ. ಫೋನ್ ಮಾಡದೆ ಯಾಕೆ ಬರೆದೆ ಅನ್ನುವುದನ್ನು ಹೇಳುವುದಕ್ಕೇ ಈ ಕಾಗದ.

ನಮ್ಮ ಕ್ಲಾಸಿಗೆ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಬ್ಬೊಬ್ಬರು ಒಂದೊಂದು ಕಸುಬಿನವರನ್ನು ಕಂಡು, ಹೊಸ ಯಂತ್ರದ ಬಗ್ಗೆ ಅವರಿಗೆ ಏನನ್ನಿಸುತ್ತದೆ ಎಂದು ಕೇಳಿ ಬರಬೇಕು. ಉಳಿದವರು ದರ್ಜಿ, ಬೇಕರಿ ಅಂತ ಸುಲಭದ್ದನ್ನೆಲ್ಲ ಹಿಡಿದುಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ದೋಣಿಕಟ್ಟೆ ಮಾತ್ರ ಉಳಿದಿತ್ತು. ಇಲ್ಲಿನ ಕೆರೆಯಲ್ಲೂ ನಮ್ಮಲ್ಲಿಯ ಹಾಗೆ ಹಗಲೆಲ್ಲ ಜನರನ್ನು ಸುತ್ತಾಡಿಸುವ ದೋಣಿಗಳಿವೆ. ಡೀಸೆಲ್ ಬಿಟ್ಟು ಬ್ಯಾಟರಿ ದೋಣಿ ತಗೊಳ್ಳುತ್ತೀರಾ ಎಂದು ಮಾಲೀಕರನ್ನು ಕೇಳಬೇಕಿತ್ತು. ನಾನೂ ದೋಣಿಯವರ ಮಗಳೇ ಅಂತ ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಎಲ್ಲರ ಮುಂದೆ ನಿಂತು ಮಾತಾಡು ಅನ್ನುತ್ತಿದ್ದರು.

ಬಾತ್‌ರೂಮಿನ ಕನ್ನಡಿಯ ಮುಂದೆ ಪ್ರಶ್ನೆಗಳನ್ನು ಉರು ಹೊಡೆದುಕೊಂಡೇ ಹೋದೆ. ಮೊದಲು ಸಿಕ್ಕವರು ಕಟ್ಟೆಯಲ್ಲಿ ಎಲ್ಲರೂ ಮೀಸೆ ಮಾಮ ಎಂದು ಕರೆಯುವ ಮಾಲೀಕರು. ಇಂಗ್ಲಿಷಿನಿಂದ ನಾನೇ ಅನುವಾದ ಮಾಡಿದ್ದ ಪ್ರಶ್ನೆಯನ್ನು ಒಂದೇ ಉಸಿರಿಗೆ ಒದರಿದೆ: "ವಿದ್ಯುತ್‌ಚಾಲಿತ ದಿನವಿಹಾರ ನೌಕೆಗಳ ಕುರಿತು ತಮ್ಮ ಧೋರಣೆ ಏನು?" ಅವರು ಹಗ್ಗ ಸುತ್ತುತ್ತಲೇ, "ಹೂಂ, ಒಳ್ಳೇದು" ಅಂದರು. ಎಷ್ಟು ವರ್ಷದಿಂದ ದೋಣಿ ನಡೆಸುತ್ತಿದ್ದೀರಿ ಅಂದೆ. "ಹೂಂ, ಒಳ್ಳೇದು." ನನ್ನನ್ನು ಆಟ ಆಡಿಸುತ್ತಿದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಟಿಕೆಟ್ ಗೂಡಿನೊಳಗಿಂದ ಅವರ ಹೆಂಡತಿ ಕೂಗಿದರು. "ಏ ಹುಡುಗಿ, ಆ ಕಡೆ ನಿಂತು ಏನ್ ಹೇಳಿದ್ರೂ ಗೋಡೆಗೆ ಹೇಳಿದ ಹಾಗೆ. ಬಲಗಡೆ ಬಾ. ಎಡಗಿವೀನ ಇಂಜಿನ್ ತಿಂದು ಎಷ್ಟೋ ಕಾಲ ಆಯ್ತು. ಬಲಗೈ ಯಾವಾಗ್ಲೂ ಚುಕ್ಕಾಣೀಲಿ, ಫೋನು ಎಡಗಿವಿಗೇ, ಇನ್ನು ಕೇಳೋದೇ ಬೇಡ! ಮೊನ್ನೆ ನನ್ನ ನಾದಿನಿ, ಕಾಲು ಮುರೀತು ಅಣ್ಣಾ ಅಂತ ಗೋಳೋ ಅಂತ ಅತ್ರೆ, ಈ ಮಹಾನುಭಾವ 'ಒಳ್ಳೇದಾಯ್ತು, ಹಾಗೇ ಮಾಡು' ಅಂದು ಇಟ್ಟುಬಿಟ್ರು. ಅವಳು ಇನ್ನೂ ಮಾತು ಬಿಟ್ಟೇ ಕೂತಿದಾಳೆ. ಕೇಳಿಸಲ್ಲ ಅಂತ ಒಪ್ಕೊಳ್ಳೋಕೆ ಇವರಿಗೆ ಮೀಸೆ ಅಡ್ಡ ಬರುತ್ತೆ."

ಕಟ್ಟೆಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಅಪ್ಪಾ.

ಹೋದ ತಿಂಗಳು ಫೋನಿನಲ್ಲಿ ನಾನು ನಿಮ್ಮನ್ನು ಒಂದು ಮಾತು ಕೇಳಿದ್ದೆ. ಈ ಸಲ ರಜೆಗೆ ಅತ್ತೆಯ ಮನೆ ಬೇಡ, ನಮ್ಮ ಮನೆಗೇ ಬರಲಾ ಅಂತ. ಅಳುತ್ತಾ ಕೇಳಿದ್ದೆ. ನೀವು "ಹೂಂ ಹೂಂ, ಒಳ್ಳೇದು, ಚೆನ್ನಾಗಿ ಓದು" ಅಂದಿರಿ. ಅಳುವವಳಿಗೆ ಹೇಳುವ ಮಾತೇ ಇದು ಅಂತ ಸಿಟ್ಟು ಬಂತು. ಆಮೇಲೆ ನೀವು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತಲಿಲ್ಲ. ನಡೆಯುವಾಗ ನೀವು ನನ್ನನ್ನು ಯಾವಾಗಲೂ ಬಲಗಡೆಗೇ ಎಳೆದುಕೊಳ್ಳುತ್ತೀರಿ. ರಸ್ತೆಯ ಗಾಡಿಗಳಿಗೆ ಹೆದರಿ ಅಂದುಕೊಂಡಿದ್ದೆ.

ಅಮ್ಮ ಹೋದ ಮೇಲೆ ನನ್ನನ್ನು ಒಬ್ಬಳೇ ಮನೆಯಲ್ಲಿ ಬಿಟ್ಟು ನೀರಿಗೆ ಇಳಿಯಲು ನಿಮಗೆ ಧೈರ್ಯವಿರಲಿಲ್ಲ, ಅದಕ್ಕೇ ಹಾಸ್ಟೆಲ್. ಅದು ನನಗೆ ಅರ್ಥವಾಗುತ್ತದೆ. ಶಾಲೆಗೆ ರಜ ಅಂದರೆ ನಿಮಗೆ ಸೀಸನ್, ಅದೂ ಅರ್ಥವಾಗುತ್ತದೆ. ಅತ್ತೆಯ ಮನೆಗೆ ಹೋಗುವ ಮೊದಲು ಒಂದೆರಡು ದಿನ ನಿಮ್ಮ ದೋಣಿ ಸಿಗುತ್ತಿತ್ತಲ್ಲ, ಅದರಲ್ಲಿ ನಾವು ಏನು ಮಾತಾಡಿದ್ದೇವೆ ಹೇಳಿ? ನಿಮ್ಮ ಅಂಗೈ ಕೆಳಗಾದರೆ ಕೂತುಕೋ, ಮುಷ್ಟಿ ಕಟ್ಟಿದರೆ ಗಟ್ಟಿಯಾಗಿ ಹಿಡಿದುಕೋ, ಅಷ್ಟೇ. ನನಗೆ ಹೇಳುವುದು ಬೇಕಾದಷ್ಟಿರುತ್ತಿತ್ತು. ಇಂಜಿನ್ ನಿಲ್ಲಲಿ, ಹೇಳೋಣ ಅಂತ ಕಾಯುತ್ತಿದ್ದೆ. ನಿಲ್ಲುವ ಹೊತ್ತಿಗೆ ಕಟ್ಟೆ ಬಂದಿರುತ್ತಿತ್ತು, ನನ್ನ ಬಸ್ಸೂ ಬಂದಿರುತ್ತಿತ್ತು.

ಸರ್ವೇ ಮುಂದುವರಿಸಿದೆ. ಒಬ್ಬರು, "ನಡುನೀರಲ್ಲಿ ಬ್ಯಾಟರಿ ಕೈಕೊಟ್ರೆ ನಿಮ್ಮ ಮೇಡಂ ಬಂದು ತಳ್ತಾರಾ?" ಅಂದರು. ಇನ್ನೊಬ್ಬರು, "ಸದ್ದಿಲ್ಲದ ದೋಣಿಗೆ ಜನ ಹತ್ತಲ್ಲಮ್ಮ, ಕೆಟ್ಟು ನಿಂತಿದೆ ಅಂದ್ಕೋತಾರೆ" ಅಂದರು. ಹೊಗೆ ಬೇಡ, ಡೀಸೆಲ್ ವಾಸನೆಗೆ ಮಕ್ಕಳು ವಾಂತಿ ಮಾಡುತ್ತವೆ ಅಂತ ಎಲ್ಲರೂ ಒಪ್ಪುತ್ತಾರೆ. ತಗೊಳ್ಳುತ್ತೀರಾ ಅಂದರೆ ಮಾತ್ರ ಪಕ್ಕದ ದೋಣಿಯ ಕಡೆ ಬೆರಳು. "ಅವನು ಮೊದಲು ಇಳೀಲಿ, ಆಳ ಎಷ್ಟಿದೆ ನೋಡೋಣ." ಪಕ್ಕದವರನ್ನು ಕೇಳಿದರೆ ಅವರ ಬೆರಳು ಇವರ ಕಡೆ.

ಕಂಪನಿಯವರು ನೋಡಲಿ ಅಂತ ಬಿಟ್ಟುಹೋದ ಒಂದು ಬ್ಯಾಟರಿ ದೋಣಿ ಕಟ್ಟೆಯಲ್ಲೇ ಇತ್ತು. ಮೀಸೆ ಮಾಮನ ಹೆಂಡತಿ ಹಟ ಹಿಡಿದು ಅವರನ್ನು ಹತ್ತಿಸಿದರು, ನನ್ನನ್ನೂ ಕರೆದರು. ನೀರು ಪಕ್ಕಕ್ಕೆ ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಕೆರೆಯ ನಡುವೆ ಆಕೆ, ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲಿ, "ಅಲ್ನೋಡಿ, ಕೊಕ್ಕರೆ" ಅಂದರು. ಮೀಸೆ ಮಾಮ ತಿರುಗಿ, "ಎಲ್ಲಿ?" ಅಂದರು.

ಅಷ್ಟೇ. ಆಕೆ ಮುಖ ಆಚೆ ತಿರುಗಿಸಿಕೊಂಡರು. ದೋಣಿ ನಡೆಸುವಾಗ ಗಂಡ ತನ್ನ ಮಾತಿಗೆ ತಿರುಗಿದ್ದು ಅದೇ ಮೊದಲಂತೆ. ಆಮೇಲೆ ಅವರಿಬ್ಬರೂ ಏನೇನೋ ಮಾತಾಡಿಕೊಂಡರು, ತೀರಾ ಸಣ್ಣ ಸಣ್ಣ ವಿಷಯ, ಬಾಗಿಲ ಚಿಲಕ ರಿಪೇರಿಯ ತನಕ. ನಾನು ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ.

ಕಟ್ಟೆಗೆ ಬಂದ ಮೇಲೆ ಮೀಸೆ ಮಾಮ ಗಂಟಲು ಸರಿಮಾಡಿಕೊಂಡು, "ಬೇಡ ಅಂತಲೇ ಬರ್ಕೋ ಮಗಳೇ. ಪಕ್ಕದವನು ತಗೊಳ್ಲಿ, ಆಮೇಲೆ ನೋಡೋಣ" ಅಂದರು. ಹೆಂಡತಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬೇಕು ಅಂತ ಗೀಚಿದರು. ಯಾವ ಉತ್ತರ ಲೆಕ್ಕಕ್ಕೆ ಹಿಡಿಯಬೇಕೋ, ಮೇಡಂ ಅನ್ನೇ ಕೇಳಬೇಕು.

ಬ್ಯಾಟರಿ ದೋಣಿಯವರು ನಮ್ಮಲ್ಲಿಗೂ ಬಂದಿದ್ದರಂತೆ, ಉಸಿರಾಡದ ದೋಣಿ ನನಗೆ ಬೇಡ ಅಂದಿರಂತೆ. ಅತ್ತೆ ಹೇಳಿದರು. ಅಪ್ಪಾ, ಎಡಗಿವಿ ಹೋಗಿದ್ದು ಹೋಯಿತು. ಬಲಗಿವಿಯನ್ನಾದರೂ ಇಟ್ಟುಕೊಳ್ಳಿ. ಪಕ್ಕದವರ ದಾರಿ ಕಾಯಬೇಡಿ, ನೀವೇ ಮೊದಲು ಇಳಿಯಿರಿ. ನನಗೆ ನಿಮ್ಮ ಹತ್ತಿರ ದೋಣಿಯಲ್ಲಿ ಕೂತು ಕೆಲಸಕ್ಕೆ ಬಾರದ ಮಾತುಗಳನ್ನು ಆಡಬೇಕು. ಕೊಕ್ಕರೆ ಕಂಡರೆ ಕೊಕ್ಕರೆ ಅನ್ನಬೇಕು.

ನಿಮ್ಮ,
ಮಿಂಚುಳ್ಳಿ

ತಾ.ಕ.: ಮೇಲೆ ರಜೆಗೆ ಅಂತ ಬರೆದದ್ದು ಸುಳ್ಳು. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಅಂತ ಬಿಟ್ಟಿದ್ದೇನೆ. ಅವತ್ತು ಫೋನಿನಲ್ಲಿ ನಾನು ರಜೆಯ ಮಾತೇ ಎತ್ತಿರಲಿಲ್ಲ. ಇಲ್ಲಿ ಇರುವುದಕ್ಕೆ ಆಗುತ್ತಿಲ್ಲ, ಎಲ್ಲ ಬಿಟ್ಟು ಬಂದುಬಿಡಲಾ ಅಂತ ಕೇಳಿದ್ದೆ. ನೀವು ಒಳ್ಳೇದು ಅಂದಿರಲ್ಲ ಅಂತ ಆ ಸಿಟ್ಟಿನಲ್ಲೇ ಪೆಟ್ಟಿಗೆ ಕಟ್ಟಿ ಮಂಚದ ಕೆಳಗಿಟ್ಟಿದ್ದೆ. ಈಗ ಅದು ಉತ್ತರವೇ ಅಲ್ಲ ಅಂತ ಗೊತ್ತಾಗಿದೆ. ಬಾ ಅನ್ನಿ, ಬೇಡ ಅನ್ನಿ, ಏನಾದರೂ ಸರಿ, ಓದಿ ತಿಳಿದು ಹೇಳಿ. ಬೇಗ ಉತ್ತರ ಬರೆಯಿರಿ.