ಒಳಮುಚ್ಚಳದ ತಾರೀಕು

ಗಡಿಯಾರದ ಅಂಗಡಿಯಿಂದ,
ಮಾರ್ಚ್ ಹತ್ತು, ಮಂಗಳವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ಹಲ್ಲುನೋವು ಕಡಿಮೆಯಾಯಿತೇ? ಕೀಳಿಸಿಬಿಡು ಎಂದರೆ ಕೇಳುವವಳಲ್ಲ ನೀನು. ಸರ್ಕಾರಕ್ಕೇ ಹೆದರದವಳು ಇಕ್ಕಳಕ್ಕೆ ಹೆದರುತ್ತೀಯಲ್ಲ! ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಕಣ್ಣು ಇನ್ನೂ ಸಾಸಿವೆಕಾಳಿನಷ್ಟು ಸ್ಕ್ರೂ ಹುಡುಕುತ್ತದೆ, ನಿನ್ನಮ್ಮ ಇನ್ನೂ ನನ್ನ ತಪ್ಪು ಹುಡುಕುತ್ತಾಳೆ.

ಇಲ್ಲಿ ಈಗ ಎಲ್ಲರ ಬಾಯಲ್ಲೂ ನಿನ್ನದೇ ಮಾತು. ನಿನಗೆ ಆಶ್ರಯ ಕೊಟ್ಟ ದೇಶದ ಸಂಸತ್ತಿನಲ್ಲಿ ಬರುವ ಸೋಮವಾರ ಚರ್ಚೆಯಂತೆ, ಚುನಾವಣೆ ನಡೆಸಿ ಎಂದು ಬೀದಿಗಿಳಿದ ನಿಮ್ಮ ಸಂಘ ಭಯೋತ್ಪಾದಕರದ್ದೋ ಅಲ್ಲವೋ ಎಂದು. ಹೌದೆಂದುಬಿಟ್ಟರೆ ನಿನ್ನನ್ನು ವಾಪಸು ಕಳಿಸುತ್ತಾರೆ, ಇಲ್ಲಿ ಜೈಲು ಕಾದಿದೆ. ಆದರೆ ನಮ್ಮ ಅಂಗಡಿ ಬೆಂಚಿನ ಸಂಸತ್ತು ನಿನ್ನ ಪರವಾಗಿದೆ, ಧೈರ್ಯವಾಗಿರು. ನಿವೃತ್ತ ಮೇಷ್ಟ್ರು ಮಾತ್ರ, "ವ್ಯಾಪಾರ ಬೇಕಾದ ದೇಶ ನಮ್ಮ ಸರ್ಕಾರ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತೆ ಕಣ್ರೀ, ವಿದೇಶಾಂಗ ನೀತಿ ಅಂದ್ರೆ ಅಷ್ಟೇ" ಎಂದು ಹೆದರಿಸಿದರು. ಎದುರಂಗಡಿಯ ಕ್ಷೌರದವನು ಗೊತ್ತಲ್ಲ, ಬಸ್ಸಿನ ಬಾಂಬಿನಲ್ಲಿ ತಮ್ಮನನ್ನು ಕಳೆದುಕೊಂಡವನು, ಅವನು ಎದ್ದು ನಿಂತು, "ನನ್ನ ತಮ್ಮನ್ನ ಕೊಂದೋರನ್ನೂ ಕರಪತ್ರ ಹಂಚಿದ ಈ ಹುಡುಗೀನೂ ಒಂದೇ ಹೆಸರಲ್ಲಿ ಕರೀಬೇಡಿ. ಅದು ಸತ್ತೋನಿಗೇ ಅವಮಾನ" ಎಂದ. ಕೊನೆಗೆ ನಿನ್ನಮ್ಮ, "ಜಿರಳೆ ಕಂಡ್ರೆ ಮಂಚ ಹತ್ತೋಳು, ಇವಳು ಯಾರಿಗ್ರೀ ಭಯ ಹುಟ್ಟಿಸ್ತಾಳೆ?" ಎಂದಾಗ ಅವನೂ ನಕ್ಕ.

ನಿನ್ನೆಯ ಪತ್ರಿಕೆಯಲ್ಲಿ ಸಾಕ್ಷ್ಯದ ಫೋಟೊ ಬಂದಿದೆ, ಅರ್ಧ ಪುಟಕ್ಕೆ: ಬೆನ್ನು ಬಿಚ್ಚಿ, ತಂತಿ ಸುತ್ತಿದ ಅಲಾರಂ ಗಡಿಯಾರ. ನೀನು ದೇಶ ಬಿಟ್ಟ ಮರುದಿನವೇ, ಕಳೆದ ಜೂನ್ ತಿಂಗಳಲ್ಲಿ, ನಿನ್ನ ಕೋಣೆಯಲ್ಲಿ ಸಿಕ್ಕ ಬಾಂಬಿನ ಗಡಿಯಾರವಂತೆ. ಆ ಸಂಸತ್ತಿಗೂ ಇದನ್ನೇ ಕಳಿಸಿದ್ದಾರಂತೆ. ನಿನ್ನ ಕೋಣೆಯಲ್ಲಿ ಅಲಾರಂ! ಗಡಿಯಾರದವನ ಮಗಳಾಗಿ ಹುಟ್ಟಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಎದ್ದವಳಲ್ಲ ನೀನು. ಅಂದಹಾಗೆ, ರಿಪೇರಿ ಮಾಡಿದ ಪ್ರತಿ ಗಡಿಯಾರದ ಒಳಮುಚ್ಚಳದಲ್ಲಿ ಮೂರು ಚುಕ್ಕಿ ಇಟ್ಟು, ಪಕ್ಕದಲ್ಲಿ ಸೂಜಿಯಿಂದ ತಾರೀಕು ಗೀಚುವ ನನ್ನ ಚಟ ನೆನಪಿದೆಯೇ? "ಅದನ್ನ ಯಾರಪ್ಪಾ ನೋಡ್ತಾರೆ?" ಎಂದು ನೀನು ಚಿಕ್ಕವಳಿದ್ದಾಗ ಆಡಿಕೊಳ್ಳುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಆ ಹಲ್ಲು ಕೀಳಿಸು, ನೂರು ವರ್ಷ ನಗುನಗುತ್ತಾ ಬಾಳು.

ನಿನ್ನ ಅಪ್ಪ

ತಾ.ಕ.: ನೀನಿರುವ ಊರಿಗೆ ಈ ಕಾಗದ ಒಯ್ಯುವ ನರ್ಸಮ್ಮ ವಿಮಾನಕ್ಕೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾಳೆ. ಮೇಲಿನದನ್ನು ಬರೆದು ಮುಗಿಸಿ ಆ ಫೋಟೊದ ಮೇಲೆ ಭೂತಗನ್ನಡಿ ಹಿಡಿದೆ. ಮುಚ್ಚಳದೊಳಗೆ ನನ್ನದೇ ಮೂರು ಚುಕ್ಕಿ, ಪಕ್ಕದಲ್ಲಿ ಕಳೆದ ವರ್ಷದ ಸೆಪ್ಟೆಂಬರ್ ಹದಿನೇಳು. ನೀನು ಹೋಗಿ ಮೂರು ತಿಂಗಳಾದ ಮೇಲೆ! ಅದು ಪೊಲೀಸ್ ಠಾಣೆಯ ಮೇಜಿನ ಗಡಿಯಾರ ಕಣೇ. ಪೇದೆ ತಂದುಕೊಟ್ಟ, ನಾನೇ ರಿಪೇರಿ ಮಾಡಿದೆ. ಇದನ್ನೆಲ್ಲ ಬರೆದು ರುಜು ಹಾಕಿದ ಹಾಳೆ ಜೊತೆಗಿದೆ, ಸೋಮವಾರದೊಳಗೆ ನಿನ್ನ ವಕೀಲರ ಕೈಗೆ ಕೊಡು. ಇದಕ್ಕಾಗಿ ಪೊಲೀಸರು ಅಂಗಡಿಗೆ ಬೀಗ ಹಾಕಿದರೆ ಹಾಕಲಿ. ನನ್ನ ರುಜು ಸ್ವಲ್ಪ ನಡುಗಿದೆ. ಅದರ ಕೆಳಗಿನದು ನಿನ್ನಮ್ಮನದು, ನೆಟ್ಟಗಿದೆ.